ನುಗ್ಗಿ ಹೊಡೆಯಬೇಕಾ, ಊರ ಉಸಾಬರಿ ಬಿಡಬೇಕಾ? ಹೊರದೇಶಕ್ಕೆ ಸೈನ್ಯ ಕಳಿಸುವ ಪ್ರಶ್ನೆಗೆ ಒಂದು ಹೋಲಿಕೆ

ಟಿವಿಯಲ್ಲಿ ಎಲ್ಲೋ ಬಾಂಬು ಬಿದ್ದ ಸುದ್ದಿ ಬಂದರೆ ಸಾಕು, ನಮ್ಮ ಸಿಂಧನೂರಿನ ಒಗ್ಗಾಣಿ-ಮಿರ್ಚಿ ಅಂಗಡಿಗಳಲ್ಲಿ ಎರಡು ಪಾರ್ಟಿ ಆಗಿಬಿಡುತ್ತವೆ. "ನುಗ್ಗಿ ಹೊಡೀಬೇಕ್ರಿ, ಎಷ್ಟು ದಿನ ಸುಮ್ನ ಕೂಡೋದು" ಅನ್ನುವ ಪಾರ್ಟಿ ಒಂದು. "ಊರ ಉಸಾಬರಿ ನಮಗ್ಯಾಕ ಬೇಕ್ರಿ" ಅನ್ನುವ ಪಾರ್ಟಿ ಇನ್ನೊಂದು. ಚಹಾ ಮುಗಿಯುವ ಹೊತ್ತಿಗೆ ಇಬ್ಬರೂ ಗಂಟಲು ಹರಿದುಕೊಂಡಿರುತ್ತಾರೆ. ಯಾರೂ ಒಂದಿಂಚು ಸರಿದಿರುವುದಿಲ್ಲ.

ಇಬ್ಬರೂ ಎಡವುವುದು ಒಂದೇ ಕಡೆ ಅಂತ ನನಗನ್ನಿಸುತ್ತದೆ. ಸೈನ್ಯ ಹೊರಡುವ ದಿನದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ವಾಪಸ್ ಬರುವ ದಿನದ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಮೊದಲು ನೋಡುವುದು ಅದನ್ನೇ. ಹೋದವರು ಯಾವಾಗ ಬರುತ್ತಾರೆ? ಬರುವಾಗ ಆ ನಾಡಿನ ಆಡಳಿತವನ್ನು ಯಾರ ಕೈಗೆ ಕೊಟ್ಟು ಬರುತ್ತಾರೆ? ಇದಕ್ಕೆ ಉತ್ತರ ಇದ್ದರೆ ಮಿಕ್ಕ ವಾದ ಸುಲಭ. ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಉದ್ದೇಶ ಇದ್ದರೂ ಕೆಲಸ ಕೆಡುತ್ತದೆ. ಇದನ್ನೇ ಅಳತೆಗೋಲು ಮಾಡಿಕೊಂಡು ಒಂದೊಂದೇ ದಾರಿಯನ್ನು ನೋಡೋಣ.

ಕರೆಸಿಕೊಂಡ ಸೈನ್ಯದ ಬಿಲ್ಲು

ಇರಾಕ್, ಅಫ್ಘಾನಿಸ್ತಾನ ಆಮೇಲೆ. ಹೊರಗಿನ ಸೈನ್ಯ ಬಂದು ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಬಳ್ಳಾರಿ, ರಾಯಚೂರಿಗಿಂತ ಒಳ್ಳೆಯ ಸಾಕ್ಷಿ ಹುಡುಕುವುದು ಕಷ್ಟ.

1798ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡ. ಒಂದು ಕಡೆ ಮರಾಠರ ಭಯ, ಇನ್ನೊಂದು ಕಡೆ ಟಿಪ್ಪುವಿನ ಭಯ. ಕಂಪನಿಯ ಪಡೆ ನಿಜಾಮನ ರಾಜ್ಯದಲ್ಲಿ ಇರುತ್ತದೆ, ಖರ್ಚು ನಿಜಾಮನದು. ಎರಡೇ ವರ್ಷ. 1800ರಲ್ಲಿ ಆ ಖರ್ಚಿನ ಬಾಬ್ತು ಅಂತ ನಿಜಾಮ ನೆಲವನ್ನೇ ಬರೆದುಕೊಟ್ಟ. ಟಿಪ್ಪುವಿನ ಸೋಲುಗಳಿಂದ ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪದ ಸೀಮೆ ಕಂಪನಿಗೆ ಹೋಯಿತು. ಕಾಗದಪತ್ರಗಳಲ್ಲಿ ಅದಕ್ಕೆ 'ಸೀಡೆಡ್ ಡಿಸ್ಟ್ರಿಕ್ಟ್ಸ್' ಅಂತಲೇ ಹೆಸರು. ಬಿಟ್ಟುಕೊಟ್ಟ ಜಿಲ್ಲೆಗಳು ಅಂತ. ಕಂದಾಯ ವಸೂಲಿಗೆ ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ಬಳ್ಳಾರಿಯವರು ಮದ್ರಾಸಿನ ಕಡೆಗೆ, ರಾಯಚೂರು-ಕೊಪ್ಪಳದವರು ಹೈದರಾಬಾದಿನ ಕಡೆಗೆ ಹಂಚಿಹೋದದ್ದು ಹೀಗೆ. ಒಂದೇ ಹೊಳೆಯ ಎರಡು ದಂಡೆಯ ಬಂಧುಗಳು ಒಂದೂವರೆ ಶತಮಾನ ಬೇರೆ ಬೇರೆ ಸರ್ಕಾರಗಳ ಕೈಕೆಳಗಿದ್ದರು.

ರಾಯಚೂರಿಗೂ ಅದೇ ಗತಿ ಬಂತು, ಸ್ವಲ್ಪ ತಡವಾಗಿ. ನಿಜಾಮನ ಖರ್ಚಿನಲ್ಲಿ ಬ್ರಿಟಿಷರು ನಡೆಸುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಅನ್ನುವ ಪಡೆಯ ಸಂಬಳದ ಬಾಕಿ ಏರುತ್ತಾ ಹೋಗಿ, 1853ರಲ್ಲಿ ನಿಜಾಮ ಬೇರಾರ್ (ಈಗಿನ ಮಹಾರಾಷ್ಟ್ರದ ವಿದರ್ಭದ ಭಾಗ) ಜೊತೆಗೆ ರಾಯಚೂರು ದೋಆಬನ್ನೂ, ಅಂದರೆ ಕೃಷ್ಣಾ-ತುಂಗಭದ್ರೆಯ ನಡುವಿನ ಸೀಮೆಯನ್ನೂ, ಬ್ರಿಟಿಷರ ಕೈಗೆ ಇಟ್ಟ. 1857ರಲ್ಲಿ ನಿಜಾಮ ಬ್ರಿಟಿಷರ ಪಕ್ಷ ಬಿಡಲಿಲ್ಲ ಅಂತ 1860ರಲ್ಲಿ ಅದನ್ನು ಹಿಂದಿರುಗಿಸಿದರು. ಬಳ್ಳಾರಿ ಮಾತ್ರ ವಾಪಸ್ ಬರಲಿಲ್ಲ.

"ಆ ದೇಶದ ಸರ್ಕಾರವೇ ನಮ್ಮನ್ನು ಕರೆದಿದೆ, ಮತ್ತೇನು ತಕರಾರು?" ಅನ್ನುವ ವಾದವನ್ನು ಆಗಾಗ ಕೇಳುತ್ತೇವೆ. 1798ರಲ್ಲೂ ಸರ್ಕಾರವೇ ಕರೆದಿತ್ತು. ಕರೆ ಇರಬೇಕು ನಿಜ, ಆದರೆ ಬರೀ ಕರೆ ಸಾಲದು. ವಾಪಸ್ ಹೋಗುವ ತಾರೀಖಿಲ್ಲದ ಸೈನ್ಯ ನಿಧಾನವಾಗಿ ಜಮೀನ್ದಾರನಾಗುತ್ತದೆ.

ಕಳಿಸಿದವರ ಕಡೆಯ ಕತೆಯೂ ನಮ್ಮಲ್ಲೇ ಇದೆ. 1520ರ ರಾಯಚೂರಿನ ಯುದ್ಧ ಎಲ್ಲರಿಗೂ ಗೊತ್ತು. ಕೃಷ್ಣದೇವರಾಯ ವಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಕೋಟೆ ಹಿಡಿದ. ಪೋರ್ಚುಗೀಸ್ ಬಂದೂಕುಗಾರರು ಕೋಟೆ ಗೋಡೆಯ ಮೇಲಿದ್ದವರನ್ನು ಗುರಿಯಿಟ್ಟು ಹೊಡೆದು ಸಹಾಯ ಮಾಡಿದ್ದರು. ಅದು ಗಡಿಯ ಜಗಳ, ಗೆದ್ದರು, ಮುಗಿಯಿತು. ಮುಂದೆ ವಿಜಯನಗರದ ಆಡಳಿತ ನಡೆಸಿದ ರಾಮರಾಯನ ದಾರಿ ಬೇರೆ. ದಖ್ಖನ್ನಿನ ಸುಲ್ತಾನರು ತಮ್ಮತಮ್ಮಲ್ಲಿ ಹೊಡೆದಾಡುವಾಗ ಒಮ್ಮೆ ಇವರ ಕಡೆ, ಒಮ್ಮೆ ಅವರ ಕಡೆ ಸೈನ್ಯ ಕಳಿಸಿದ. 1558ರ ಸುಮಾರಿಗೆ ವಿಜಾಪುರದ ಜೊತೆ ಸೇರಿ ಅಹಮದ್‌ನಗರದ ಮೇಲೆ ಹೋದ. ಪ್ರತಿ ಸಲವೂ ಗೆಲುವೇ. 1565ರಲ್ಲಿ ಅದೇ ವಿಜಾಪುರ, ಅದೇ ಅಹಮದ್‌ನಗರ, ಜೊತೆಗೆ ಗೋಲ್ಕೊಂಡ, ಬೀದರ್ ಒಟ್ಟಾಗಿ ಬಂದವು. ರಾಮರಾಯ ರಣರಂಗದಲ್ಲೇ ಸತ್ತ. ರಾಜಧಾನಿ ತಿಂಗಳುಗಟ್ಟಲೆ ಲೂಟಿಯಾಯಿತು. ಸೋಲಿನ ಕಾರಣಗಳ ಬಗ್ಗೆ ಇತಿಹಾಸಕಾರರಲ್ಲಿ ಜಗಳ ಇದೆ, ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಒಬ್ಬರಿಗೊಬ್ಬರು ಆಗದಿದ್ದ ನಾಲ್ವರನ್ನು ಒಂದು ಮಾಡಿದ್ದು ಅವನ ಮಧ್ಯಪ್ರವೇಶಗಳೇ ಅನ್ನುವವರು ಬಹಳ ಜನ ಇದ್ದಾರೆ.

ಇನ್ನು 1948. ಭಾರತಕ್ಕೆ ಸೇರಲು ಒಪ್ಪದ ನಿಜಾಮನ ಪರವಾಗಿ ನಿಂತ ಖಾಸಗಿ ಪಡೆ ರಜಾಕಾರರದು. ಅವರ ಕಾಲದಲ್ಲಿ ಕೊಪ್ಪಳ ಸೀಮೆಯ ಜನ ಗಡಿ ದಾಟಿ ಓಡಿದರು. ಮುಂಡರಗಿ, ಗಜೇಂದ್ರಗಡದಲ್ಲಿ ಹೋರಾಟದ ಶಿಬಿರಗಳು ನಡೆದವು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ಮುಗಿಯಿತು. ಭಾರತದ ಪಾಲಿಗೆ ಇದು ಒಳಗಿನ ವಿಷಯ, ಅದಕ್ಕೇ 'ಪೊಲೀಸ್ ಆಕ್ಷನ್' ಅನ್ನುವ ಹೆಸರು. ನಿಜಾಮನ ಸರ್ಕಾರ ಮಾತ್ರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಂಡೊಯ್ದಿತ್ತು. ನಮ್ಮ ಕಡೆ ಯಾರಿಗಾದರೂ "ಬೇರೆಯವರ ರಾಜ್ಯಕ್ಕೆ ಸೈನ್ಯ ಕಳಿಸುವುದು ಯಾವಾಗಲೂ ತಪ್ಪು" ಅಂತ ಹೇಳಿ ನೋಡಿ, ಸೆಪ್ಟೆಂಬರ್ 17ರ ಧ್ವಜಾರೋಹಣ ತೋರಿಸುತ್ತಾರೆ. ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಕಾರ್ಯಾಚರಣೆ ಮುಗಿದ ಮೇಲೆ ಹೈದರಾಬಾದ್ ರಾಜ್ಯದ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ದೊಡ್ಡ ಹಿಂಸೆ ನಡೆಯಿತು. ಅದನ್ನು ವಿಚಾರಿಸಿದ ಸುಂದರ್‌ಲಾಲ್ ಸಮಿತಿಯ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಐದು ದಿನದ ಕೆಲಸ ಚೆನ್ನಾಗಿ ಆಯಿತು. ಆರನೇ ದಿನಕ್ಕೆ ತಯಾರಿ ಇರಲಿಲ್ಲ.

ಸುಮ್ಮನಿರುವುದು ಪುಕ್ಕಟೆ ಅಲ್ಲ

ಈಗ ಉಸಾಬರಿ ಬೇಡ ಅನ್ನುವ ಪಾರ್ಟಿಗೆ ಬರೋಣ. ನನ್ನ ಒಲವು ಸಾಧಾರಣವಾಗಿ ಈ ಕಡೆಗೇ. ಆದರೆ "ನಾವು ದೂರ ಇದ್ದರೆ ನಮಗೇನೂ ಆಗುವುದಿಲ್ಲ" ಅನ್ನುವ ಮಾತನ್ನು ಸಿಂಧನೂರಿನಲ್ಲಿ ನಿಂತು ಹೇಳುವುದು ತಮಾಷೆ. ಊರಿನಿಂದ ಸ್ವಲ್ಪ ಹೊರಗೆ ಹೋದರೆ ಆರ್.ಎಚ್. ಕ್ಯಾಂಪ್‌ಗಳಿವೆ. ಪೂರ್ವ ಪಾಕಿಸ್ತಾನ (ಈಗಿನ ಬಾಂಗ್ಲಾದೇಶ) ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಪುನರ್ವಸತಿ ಕೊಟ್ಟ ಜಾಗ. ಕ್ಯಾಂಪ್‌ಗಳಿಗೆ ಈಗಲೂ ನಂಬರೇ ಹೆಸರು. ಒಳಗೆ ಹೋದರೆ ಮನೆಯಲ್ಲಿ ಬಂಗಾಳಿ, ಬಜಾರಿನಲ್ಲಿ ಕನ್ನಡ, ಊಟಕ್ಕೆ ಮೀನು, ದಸರಾ ಹೊತ್ತಿಗೆ ದುರ್ಗಾ ಪೂಜೆ. ಗದ್ದೆ ಮಾತ್ರ ನಮ್ಮದೇ ತುಂಗಭದ್ರಾ ಕಾಲುವೆಯ ಭತ್ತದ ಗದ್ದೆ. ಢಾಕಾದ ಆ ಕಡೆ ನಡೆದ ಗಲಾಟೆ ಇಷ್ಟು ದೂರ ಬಂದು ನೆಲೆಯಾಗಿದೆ. ಯಾವ ಸೈನ್ಯವನ್ನೂ ಕಳಿಸದ ಊರಿಗೂ ಯುದ್ಧ ಹೀಗೆ ಬರುತ್ತದೆ.

ಇನ್ನೊಂದು ದಾರಿ ಕಿರಾಣಿ ಅಂಗಡಿಯದು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನೊಳಗೆ ನುಗ್ಗಿತು. ಭಾರತ ಯಾರ ಪಕ್ಷವನ್ನೂ ವಹಿಸಲಿಲ್ಲ. ಆದರೂ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ ರೇಟು ಏರಿತು, ಯಾಕೆಂದರೆ ಆಗ ನಾವು ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಹೆಚ್ಚಿನ ಪಾಲು ಉಕ್ರೇನಿನದಾಗಿತ್ತು. ಒಂದು ಕಾಲಕ್ಕೆ ನಮ್ಮ ಎರೆ ಹೊಲಗಳ ತುಂಬ ಸೂರ್ಯಕಾಂತಿ ಇತ್ತು ಅನ್ನುವುದು ಬೇರೆ ಹೊಟ್ಟೆಯುರಿ, ಇಲ್ಲಿ ಬೇಡ. ಗೊಬ್ಬರದ ರೇಟೂ ಏರಿತು. ಉಕ್ಕಿನ ಬೆಲೆ ಏರುತ್ತಿದೆ ಅಂತ ಕೇಂದ್ರ ಸರ್ಕಾರ 2022ರ ಮೇನಲ್ಲಿ ಉಕ್ಕಿನ ರಫ್ತಿನ ಮೇಲೆ ಶೇ. 15ರ ಸುಂಕ ಹಾಕಿತು. ಅದು ತೆಗೆದದ್ದು ನವೆಂಬರಿನಲ್ಲಿ. ಉಕ್ರೇನಿನ ಯುದ್ಧದ ಬಿಸಿ ಉಕ್ಕಿನ ಕಾರ್ಖಾನೆಯ ಊರು ತೋರಣಗಲ್ಲಿಗೆ ತಟ್ಟಿದ್ದು ಹೀಗೆ.

ಇದೆಲ್ಲ ದುಡ್ಡಿನ ಮಾತು, ತಡೆದುಕೊಳ್ಳಬಹುದು. ಸುಮ್ಮನಿರುವುದರ ನಿಜವಾದ ಬೆಲೆ ಗೊತ್ತಾಗುವುದು ರುವಾಂಡಾದಲ್ಲಿ. 1994ರ ಏಪ್ರಿಲ್‌ನಿಂದ ಜುಲೈವರೆಗೆ, ಸುಮಾರು 100 ದಿನಗಳಲ್ಲಿ, ಅಂದಾಜು 8 ಲಕ್ಷ ಜನರನ್ನು ಕೊಂದರು. ಹೆಚ್ಚಿನವರು ಟುಟ್ಸಿ ಸಮುದಾಯದವರು. ವಿಶ್ವಸಂಸ್ಥೆಯ ಪಡೆ ಅಲ್ಲೇ ಇತ್ತು, ಸುಮಾರು 2,500 ಜನ. ಬೆಲ್ಜಿಯಂ ತನ್ನ ಹತ್ತು ಸೈನಿಕರು ಸತ್ತ ಮೇಲೆ ಉಳಿದವರನ್ನು ಕರೆಸಿಕೊಂಡಿತು. ಏಪ್ರಿಲ್ 21ರಂದು ಭದ್ರತಾ ಮಂಡಳಿ ಪಡೆಯನ್ನು 270 ಜನಕ್ಕೆ ಇಳಿಸಲು ತೀರ್ಮಾನಿಸಿತು. ಕೊಲೆ ನಡೆಯುತ್ತಿರುವಾಗ ಪಡೆ ಇಳಿಸುವುದು! ಅಮೆರಿಕ ಯಾಕೆ ಸುಮ್ಮನಿತ್ತು ಅಂದರೆ ಹಿಂದಿನ ವರ್ಷ ಅಕ್ಟೋಬರಿನಲ್ಲಿ ಸೊಮಾಲಿಯಾದ ಮೊಗಾದಿಶುವಿನಲ್ಲಿ ಅವರ 18 ಸೈನಿಕರು ಸತ್ತಿದ್ದರು. ಒಂದು ಕಡೆ ಹೋಗಿ ಕೈ ಸುಟ್ಟುಕೊಂಡದ್ದಕ್ಕೆ ಇನ್ನೊಂದು ಕಡೆ ಹೋಗಲಿಲ್ಲ. ಸುಟ್ಟ ಕೈ ಒಂದು ದೇಶದ್ದು, ಸತ್ತ ಜನ ಬೇರೆ ದೇಶದ್ದು.

ಮರುವರ್ಷ, 1995ರ ಜುಲೈನಲ್ಲಿ, ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಸುಮಾರು 8,000 ಗಂಡಸರು, ಹುಡುಗರನ್ನು ಕೊಂದರು. ವಿಶ್ವಸಂಸ್ಥೆ ಆ ಊರನ್ನು 'ಸುರಕ್ಷಿತ ಪ್ರದೇಶ' ಅಂತ ಘೋಷಿಸಿತ್ತು. ಕಾಪಾಡುತ್ತೇವೆ ಅಂತ ಮಾತು ಕೊಟ್ಟು ಕಾಪಾಡುವಷ್ಟು ಪಡೆ ಕಳಿಸದಿರುವುದು, ಪೂರ್ತಿ ದೂರ ಇರುವುದಕ್ಕಿಂತಲೂ ಕೆಟ್ಟದ್ದು. ಓಡಿಹೋಗಬಹುದಾಗಿದ್ದವರು ಆ ಮಾತು ನಂಬಿ ಅಲ್ಲೇ ಉಳಿಯುತ್ತಾರೆ.

1971 ಮತ್ತು 1987: ಒಂದೇ ಸೈನ್ಯ, ಎರಡು ಫಲಿತಾಂಶ

ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ದೇಶ ಅದೇ, ಸೈನ್ಯ ಅದೇ, ನಡುವೆ ಹದಿನಾರು ವರ್ಷ. ಒಂದು ಹೆಮ್ಮೆಯ ಕತೆ, ಇನ್ನೊಂದರ ಬಗ್ಗೆ ಬಾಯಿ ಬಿಡುವವರೇ ಕಡಿಮೆ.

1970ರ ಡಿಸೆಂಬರ್ ಚುನಾವಣೆಯಲ್ಲಿ ಶೇಖ್ ಮುಜಿಬುರ್ ರಹಮಾನರ ಅವಾಮಿ ಲೀಗ್ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160 ಗೆದ್ದಿತು. ಇಡೀ ಪಾಕಿಸ್ತಾನಕ್ಕೇ ಬಹುಮತ. ಅಧಿಕಾರ ಕೊಡಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೈನ್ಯ ತನ್ನದೇ ಜನರ ಮೇಲೆ ಬಿತ್ತು. ಭಾರತಕ್ಕೆ ಓಡಿಬಂದವರ ಸಂಖ್ಯೆ ಸುಮಾರು ಒಂದು ಕೋಟಿ. ಏಪ್ರಿಲ್ 17ಕ್ಕೆ ಬಾಂಗ್ಲಾದೇಶದ ಸರ್ಕಾರ ಪ್ರಮಾಣವಚನ ತೆಗೆದುಕೊಂಡಿತ್ತು. ಬಂಗಾಳಿ ಹೋರಾಟಗಾರರ ಪಡೆ ಮುಕ್ತಿ ವಾಹಿನಿ ಹೋರಾಡುತ್ತಿತ್ತು.

ಆಗಲೇ ನುಗ್ಗಿ ಅನ್ನುವವರು ದಿಲ್ಲಿಯಲ್ಲಿ ಬೇಕಾದಷ್ಟು ಜನ ಇದ್ದರು. ಸೇನಾ ಮುಖ್ಯಸ್ಥ ಮಾಣೆಕ್‌ಶಾ ಈಗಲೇ ಬೇಡ ಅಂದರು. ಮಳೆಗಾಲ ಬಂದರೆ ಬಂಗಾಳ ಪೂರ್ತಿ ನೀರು. ಚಳಿಗಾಲದವರೆಗೆ ಕಾದರೆ ಹಿಮಾಲಯದ ಕಣಿವೆಗಳು ಹಿಮದಲ್ಲಿ ಮುಚ್ಚಿ ಚೀನಾದ ಭಯವೂ ಕಡಿಮೆ. ಆ ತಿಂಗಳುಗಳು ವ್ಯರ್ಥ ಹೋಗಲಿಲ್ಲ. ಆಗಸ್ಟ್ 9ಕ್ಕೆ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾಯಿತು. ಇಂದಿರಾ ಗಾಂಧಿ ಯುರೋಪು, ಅಮೆರಿಕ ಸುತ್ತಿ ನಿರಾಶ್ರಿತರ ಲೆಕ್ಕ ಹೇಳಿ ಬಂದರು. ಡಿಸೆಂಬರ್ 3ಕ್ಕೆ ಪಾಕಿಸ್ತಾನವೇ ನಮ್ಮ ವಿಮಾನ ನಿಲ್ದಾಣಗಳ ಮೇಲೆ ದಾಳಿ ಮಾಡಿತು. 16ಕ್ಕೆ ಢಾಕಾದಲ್ಲಿ ಶರಣಾಗತಿ, ಸುಮಾರು 93,000 ಜನ ಸೆರೆ.

ನನಗೆ ಡಿಸೆಂಬರ್ 16ಕ್ಕಿಂತ ಮುಖ್ಯ ಅನ್ನಿಸುವುದು ಅದರ ಮುಂದಿನ ತಿಂಗಳುಗಳು. ಮುಜಿಬ್ ಜೈಲಿನಿಂದ ಬಿಡುಗಡೆಯಾಗಿ ಬಂದು ಅಧಿಕಾರ ವಹಿಸಿಕೊಂಡರು. ಫೆಬ್ರವರಿಯಲ್ಲಿ ಕಲ್ಕತ್ತಾದಲ್ಲಿ ಇಂದಿರಾ ಜೊತೆ ಮಾತಾಯಿತು. 1972ರ ಮಾರ್ಚ್ ಮಧ್ಯಕ್ಕೆ ಭಾರತದ ಸೈನ್ಯ ವಾಪಸ್. ಗೆದ್ದ ಸೈನ್ಯ ಮೂರು ತಿಂಗಳೊಳಗೆ ಮನೆಗೆ ಬರುವುದು ಇತಿಹಾಸದಲ್ಲಿ ಬಹಳ ಅಪರೂಪ. ಹಾಗಂತ ಬಾಂಗ್ಲಾದೇಶ ಸುಖವಾಗಿತ್ತು ಅಂತಲ್ಲ. 1975ರಲ್ಲಿ ಮುಜಿಬರನ್ನೇ ಕೊಂದರು. ಆದರೆ ಆ ಜಗಳದ ನಡುವೆ ಭಾರತದ ಸೈನ್ಯ ಇರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ನೋಡಿ.

ಈಗ 1987. ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ, ಅಲ್ಲಿನ ಸರ್ಕಾರ ಮತ್ತು ತಮಿಳು ಬಂಡುಕೋರರ ಕಾಳಗ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನ ಗೌರವ ವಂದನೆ ಸ್ವೀಕರಿಸುವಾಗ ಸಾಲಿನಲ್ಲಿದ್ದ ಶ್ರೀಲಂಕಾದ ನಾವಿಕನೊಬ್ಬ ಬಂದೂಕಿನ ಹಿಡಿಯಿಂದ ರಾಜೀವ್ ಅವರನ್ನು ಹೊಡೆದ. ಕರೆದವರ ಮನೆಯಲ್ಲೇ ಎಷ್ಟು ಸಿಟ್ಟಿತ್ತು ಅಂತ ಆ ಕ್ಷಣದಲ್ಲೇ ಗೊತ್ತಾಗಬೇಕಿತ್ತು. ಸಿಂಹಳೀಯರಿಗೆ ಭಾರತದ ಸೈನ್ಯ ಬೇಡ. ಬಂಡುಕೋರರ ಮುಖ್ಯ ಸಂಘಟನೆ ಎಲ್‌ಟಿಟಿಇಗೆ ಒಪ್ಪಂದವೇ ಬೇಡ, ಅದರಲ್ಲಿ ಅವರ ಸಹಿಯೂ ಇರಲಿಲ್ಲ. ಭಾರತೀಯ ಶಾಂತಿಪಾಲನಾ ಪಡೆ ಕಾಪಾಡಬೇಕಾಗಿದ್ದ ಶಾಂತಿ ಕಾಗದದ ಮೇಲೆ ಮಾತ್ರ ಇತ್ತು.

ಅಕ್ಟೋಬರ್ ಹೊತ್ತಿಗೆ ಶಾಂತಿ ಕಾಯಲು ಹೋದವರು ಯುದ್ಧ ಮಾಡುತ್ತಿದ್ದರು. ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಎಲ್‌ಟಿಟಿಇ ನಾಯಕರನ್ನು ಹಿಡಿಯಲು ರಾತ್ರಿ ಹೆಲಿಕಾಪ್ಟರ್‌ನಿಂದ ಕಮಾಂಡೊಗಳನ್ನೂ ಸಿಖ್ ಸೈನಿಕರನ್ನೂ ಇಳಿಸಿದರು. ಎದುರಾಳಿಗೆ ಸುಳಿವು ಸಿಕ್ಕಿತ್ತು. ಇಳಿದ 30 ಸಿಖ್ ಸೈನಿಕರಲ್ಲಿ 29 ಮಂದಿ ಸತ್ತರು, ಒಬ್ಬ ಸೆರೆಯಾದ. ಎದುರಿನ ಹುಡುಗರಲ್ಲಿ ಹಲವರಿಗೆ 1983ರಿಂದ ತರಬೇತಿ ಕೊಟ್ಟದ್ದು ಭಾರತವೇ. ಮುಂದೆ ಪ್ರೇಮದಾಸ ಅಧ್ಯಕ್ಷರಾಗಿ "ಹೊರಡಿ" ಅಂದರು. ಅವರ ಸರ್ಕಾರ ಭಾರತದ ಪಡೆಯ ವಿರುದ್ಧ ಎಲ್‌ಟಿಟಿಇಗೇ ಆಯುಧ ಕೊಟ್ಟಿತು. 1990ರ ಮಾರ್ಚ್‌ನಲ್ಲಿ ಕೊನೆಯ ತಂಡ ಹಡಗು ಹತ್ತುವಷ್ಟರಲ್ಲಿ ಸುಮಾರು 1,200 ಭಾರತೀಯ ಸೈನಿಕರು ಹೋಗಿದ್ದರು. ಎಷ್ಟೋ ತಮಿಳು ನಾಗರಿಕರೂ ಸತ್ತಿದ್ದರು. 1991ರ ಮೇ 21ಕ್ಕೆ ರಾಜೀವ್ ಗಾಂಧಿಯ ಹತ್ಯೆ.

ಸೈನಿಕರ ಧೈರ್ಯ ಎರಡೂ ಕಡೆ ಒಂದೇ. ವ್ಯತ್ಯಾಸ ಮಾಡಿದ್ದು ಬೇರೆ. 1971ರಲ್ಲಿ ಆಡಳಿತ ವಹಿಸಿಕೊಳ್ಳಲು ಓಟು ಗೆದ್ದವರು ಕಾಯುತ್ತಿದ್ದರು. 1987ರಲ್ಲಿ ಅಂಥವರು ಇರಲಿಲ್ಲ, ಭಾರತವೇ ಹುಡುಕಿ ಕೂರಿಸಬೇಕಾಯಿತು, ಕೂರಿಸಿದ್ದು ನಿಲ್ಲಲಿಲ್ಲ. 1971ರ ಕೆಲಸವನ್ನು ಒಂದು ವಾಕ್ಯದಲ್ಲಿ ಹೇಳಬಹುದಿತ್ತು: ನಿರಾಶ್ರಿತರು ವಾಪಸ್ ಹೋಗುವಂತೆ ಮಾಡುವುದು. 1987ರ ಕೆಲಸ ತಿಂಗಳಿಗೊಮ್ಮೆ ಬದಲಾಯಿತು.

ನಡುವಿನ ದಾರಿಗಳು

ಪೂರ್ತಿ ಯುದ್ಧ ಮತ್ತು ಪೂರ್ತಿ ಮೌನ, ಇವೆರಡರ ನಡುವೆ ಇನ್ನೂ ಹಲವು ದಾರಿ ಇವೆ. ಟಿವಿ ಚರ್ಚೆಯಲ್ಲಿ ಇವಕ್ಕೆ ಜಾಗ ಸಿಗುವುದೇ ಇಲ್ಲ.

ಸಲೀಸಾದದ್ದು ನಮ್ಮವರನ್ನು ಕರೆತರುವುದು. 1990ರಲ್ಲಿ ಸದ್ದಾಂ ಕುವೈತ್ ಹಿಡಿದಾಗ ಭಾರತ ಸುಮಾರು 1.7 ಲಕ್ಷ ಜನರನ್ನು ವಿಮಾನದಲ್ಲಿ ಮನೆಗೆ ತಂದಿತು. ವಿದೇಶಾಂಗ ಸಚಿವ ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂನನ್ನು ತಬ್ಬಿಕೊಂಡಿದ್ದಕ್ಕೆ ಬಹಳ ಬೈಗುಳ ತಿಂದರು. ಗಲ್ಫ್‌ನಲ್ಲಿ ಅಣ್ಣನೋ ಮಾವನೋ ದುಡಿಯುತ್ತಿರುವ ಮನೆಯವರನ್ನು ಕೇಳಿ, ಆ ಅಪ್ಪುಗೆ ತಪ್ಪು ಅನ್ನುವವರು ಸಿಗಲಾರರು. 2015ರಲ್ಲಿ ಯೆಮನ್‌ನಿಂದ ನೌಕಾಪಡೆ, ವಾಯುಪಡೆ ಸೇರಿ ಸುಮಾರು 4,600 ಭಾರತೀಯರ ಜೊತೆ 900ಕ್ಕೂ ಹೆಚ್ಚು ವಿದೇಶಿಯರನ್ನೂ ತಂದವು. ಜಗಳದಲ್ಲಿ ಪಕ್ಷ ವಹಿಸದಿದ್ದರಿಂದಲೇ ಎರಡೂ ಕಡೆಯವರು ದಾರಿ ಬಿಟ್ಟರು ಅಂತ ನನ್ನ ಲೆಕ್ಕ.

ಎರಡನೆಯದು ಕರೆದಾಗ ಹೋಗಿ, ಕೆಲಸ ಮುಗಿಸಿ ಬರುವುದು. 1988ರ ನವೆಂಬರ್ 3ರಂದು ಬಾಡಿಗೆ ಬಂದೂಕುಧಾರಿಗಳು ಮಾಲ್ಡೀವ್ಸ್ ರಾಜಧಾನಿ ಮಾಲೆಯ ಮೇಲೆ ಬಿದ್ದರು. ಅಧ್ಯಕ್ಷ ಗಯೂಮ್ ಸಹಾಯ ಕೇಳಿದರು. ಅದೇ ರಾತ್ರಿ ಆಗ್ರಾದಿಂದ ಹೊರಟ ಪ್ಯಾರಾ ಸೈನಿಕರು ಹುಲ್ಹುಲೆ ವಿಮಾನ ನಿಲ್ದಾಣದಲ್ಲಿ ಇಳಿದರು. ಬೆಳಗಾಗುವಷ್ಟರಲ್ಲಿ ಅಧ್ಯಕ್ಷರು ಸುರಕ್ಷಿತ. ಹಡಗಿನಲ್ಲಿ ಓಡುತ್ತಿದ್ದವರನ್ನು ನೌಕಾಪಡೆ ಹಿಡಿಯಿತು. ಸರ್ಕಾರ ಇದ್ದಲ್ಲೇ ಇತ್ತು, ಆದ್ದರಿಂದ ಆಡಳಿತ ಯಾರಿಗೆ ಒಪ್ಪಿಸುವುದು ಅನ್ನುವ ಪ್ರಶ್ನೆಯೇ ಬರಲಿಲ್ಲ. ಇದು ನಡೆದಾಗ ಶ್ರೀಲಂಕಾದಲ್ಲಿ ಭಾರತ ಕಾಲು ಹುಗಿದುಕೊಂಡು ಒದ್ದಾಡುತ್ತಿತ್ತು ಅನ್ನುವುದು ನೆನಪಿರಲಿ.

ಮೂರನೆಯದು ವಿಶ್ವಸಂಸ್ಥೆಯ ನೀಲಿ ಟೋಪಿ, ಅಂದರೆ ಶಾಂತಿಪಾಲನೆಯ ಕೆಲಸ. ಇದರಲ್ಲಿ ಭಾರತದ ಅನುಭವ ಬಹಳ ದೊಡ್ಡದು, ಎರಡೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಈ ಕೆಲಸಕ್ಕೆ ಹೋಗಿ ಬಂದಿದ್ದಾರೆ. ಕೊರಿಯಾ ಯುದ್ಧಕ್ಕೆ ಭಾರತ ಕಳಿಸಿದ್ದು ಹೋರಾಡುವ ಪಡೆಯನ್ನಲ್ಲ, ಪ್ಯಾರಾಚೂಟ್ ವೈದ್ಯಕೀಯ ದಳವನ್ನು. 1953ರಲ್ಲಿ ಯುದ್ಧ ನಿಂತ ಮೇಲೆ, ಮನೆಗೆ ವಾಪಸ್ ಹೋಗಲು ಒಪ್ಪದ ಕೈದಿಗಳ ಸಮಸ್ಯೆ ಬಿಡಿಸಲು ಎರಡೂ ಕಡೆಯವರು ಒಪ್ಪಿದ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಯುದ್ಧಕ್ಕಿಳಿಯದ ದೇಶ ಅಂತಲೇ ಭಾರತಕ್ಕೆ ಆ ಕೆಲಸ ಸಿಕ್ಕಿತು. ದೂರ ಇರುವುದಕ್ಕೂ ಕೈಕಟ್ಟಿ ಕೂರುವುದಕ್ಕೂ ಇರುವ ವ್ಯತ್ಯಾಸ ಅದು. ನೀಲಿ ಟೋಪಿಯ ಕೊರತೆ ಏನು ಅಂತ ರುವಾಂಡಾದಲ್ಲಿ ಆಗಲೇ ನೋಡಿದೆವು.

ನಾಲ್ಕನೆಯದು ಆಯುಧ, ತರಬೇತಿ ಕೊಟ್ಟು ಬೆನ್ನ ಹಿಂದೆ ನಿಲ್ಲುವುದು. ಎಲ್ಲಕ್ಕಿಂತ ಅಗ್ಗ ಅಂತ ಕಾಣುತ್ತದೆ. ನಾನು ಹೆಚ್ಚು ಅನುಮಾನಿಸುವುದೂ ಇದನ್ನೇ. ಕೊಟ್ಟ ಬಂದೂಕು ಯಾರ ಕಡೆ ತಿರುಗುತ್ತದೆ ಅನ್ನುವುದು ಕೊಟ್ಟವರ ಕೈಯಲ್ಲಿ ಇರುವುದಿಲ್ಲ, ಜಾಫ್ನಾ ಅದಕ್ಕೆ ಸಾಕ್ಷಿ. ಸಲಹೆಗಾರನ ಪಾಡೂ ಅಷ್ಟಕ್ಕಷ್ಟೇ. ಬಳ್ಳಾರಿ ಕೋಟೆ ಕಟ್ಟಿಸಿದ ಫ್ರೆಂಚ್ ಎಂಜಿನಿಯರ್‌ನನ್ನು ಹೈದರಾಲಿ ನೇಣಿಗೇರಿಸಿದ ಅಂತ ಊರಲ್ಲಿ ಕತೆ ಇದೆ. ಎದುರಿಗಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅಂತ ಆಮೇಲೆ ಗೊತ್ತಾಯಿತಂತೆ. ಕತೆ ನಿಜವೋ ಸುಳ್ಳೋ, ಬಳ್ಳಾರಿಯವರು ಮಾತ್ರ ಗುಡ್ಡ ತೋರಿಸಿಯೇ ಹೇಳುತ್ತಾರೆ.

ದೊಡ್ಡ ದೇಶಗಳ ಪಟ್ಟಿ

ಅಮೆರಿಕ, ರಷ್ಯಾಗಳ ಕತೆ ಎಲ್ಲರೂ ಓದಿದ್ದೇ, ಬೇಗ ಮುಗಿಸುತ್ತೇನೆ. ಸೋವಿಯತ್ ಸೈನ್ಯ 1979ರಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿ 1989ರಲ್ಲಿ ವಾಪಸ್ಸಾಯಿತು. ಅಮೆರಿಕ 2001ರಲ್ಲಿ ಹೋಗಿ 2021ರಲ್ಲಿ ವಾಪಸ್ಸಾಯಿತು. ಸೈನ್ಯ ಪೂರ್ತಿ ಹೊರಡುವ ಮೊದಲೇ, ಆಗಸ್ಟ್ 15ಕ್ಕೆ, ತಾಲಿಬಾನ್ ಕಾಬೂಲಿನಲ್ಲಿತ್ತು. 2003ರಲ್ಲಿ ಇರಾಕಿಗೆ ಹೋದದ್ದು ಸಮೂಹನಾಶಕ ಅಸ್ತ್ರಗಳ ನೆಪದಲ್ಲಿ. ಅವು ಸಿಗಲೇ ಇಲ್ಲ.

ಇರಾಕಿನ ವಿಷಯದಲ್ಲಿ ನಮಗೆ ಮುಖ್ಯವಾದ ಒಂದು ತಾರೀಖು ಇದೆ. ಬಾಗ್ದಾದ್ ಬಿದ್ದ ಮೇಲೆ ಅಮೆರಿಕ ಭಾರತದ ಒಂದು ಡಿವಿಷನ್ ಸೈನ್ಯ ಕೇಳಿತು. ದಿಲ್ಲಿಯಲ್ಲಿ ಹೂಂ ಅನ್ನುವವರೂ ಇದ್ದರು. ಅಮೆರಿಕದ ಸ್ನೇಹ ಗಟ್ಟಿಯಾಗುತ್ತದೆ, ಇರಾಕ್ ಕಟ್ಟುವ ಗುತ್ತಿಗೆ ಸಿಗುತ್ತದೆ ಅನ್ನುವ ವಾದ. 2003ರ ಜುಲೈ 14ರಂದು ವಾಜಪೇಯಿ ಸರ್ಕಾರ ಇಲ್ಲ ಅಂದಿತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಅನ್ನುವುದು ಕಾರಣ. ಆಗ ಅದು ಅಂಜುಬುರುಕತನ ಅನ್ನಿಸಿತ್ತು ಕೆಲವರಿಗೆ. ಮುಂದಿನ ವರ್ಷಗಳಲ್ಲಿ ಇರಾಕಿನಲ್ಲಿ ನಡೆದದ್ದು ನೋಡಿದರೆ, ಸ್ವತಂತ್ರ ಭಾರತದ ಒಳ್ಳೆಯ ತೀರ್ಮಾನಗಳಲ್ಲಿ ಅದೂ ಒಂದು ಅಂತ ನಾನು ಎಣಿಸುತ್ತೇನೆ.

ಲಿಬಿಯಾದಲ್ಲಿ ವಿಶ್ವಸಂಸ್ಥೆಯ ಅನುಮತಿ ಇತ್ತು. 2011ರ ಮಾರ್ಚ್ 17ರ 1973ನೇ ನಿರ್ಣಯ. ಜನರನ್ನು ಕಾಪಾಡಲು ಅಂತ. ಭಾರತ ಆಗ ಭದ್ರತಾ ಮಂಡಳಿಯಲ್ಲಿತ್ತು, ಓಟು ಹಾಕದೆ ದೂರ ಉಳಿಯಿತು. ಕಾಪಾಡುವ ಕೆಲಸ ಕೆಲವೇ ತಿಂಗಳಲ್ಲಿ ಗಡಾಫಿಯನ್ನು ಇಳಿಸುವ ಕೆಲಸವಾಯಿತು. ಅಕ್ಟೋಬರಿನಲ್ಲಿ ಅವನು ಸತ್ತ. ಆಮೇಲೆ ಆ ದೇಶಕ್ಕೆ ಎರಡು ಸರ್ಕಾರ, ಲೆಕ್ಕವಿಲ್ಲದಷ್ಟು ಸಶಸ್ತ್ರ ಗುಂಪು. ಅನುಮತಿ ಪತ್ರ ಇದ್ದ ಮಾತ್ರಕ್ಕೆ ಮುಂದಿನ ಯೋಜನೆ ಇದ್ದಂತಲ್ಲ.

ಯಾವ ಪೆಟ್ಟಿಗೆಗೂ ಸರಿಯಾಗಿ ಹೊಂದದ ಒಂದು ಉದಾಹರಣೆ ವಿಯೆಟ್ನಾಂ. 1978ರ ಡಿಸೆಂಬರ್ ಕೊನೆಗೆ ಅದು ಕಾಂಬೋಡಿಯಾದೊಳಗೆ ನುಗ್ಗಿತು. 1979ರ ಜನವರಿ 7ಕ್ಕೆ ಪೋಲ್ ಪಾಟ್‌ನ ಸರ್ಕಾರ ಬಿತ್ತು. ಲಕ್ಷಾಂತರ ಜನರನ್ನು ಕೊಂದ ಆಳ್ವಿಕೆ ಅದು. ಜಗತ್ತು ಹೊಗಳಿತಾ? ಚೀನಾ ವಿಯೆಟ್ನಾಂ ಮೇಲೆ ಯುದ್ಧಕ್ಕೆ ಬಂತು. ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿ ಪೋಲ್ ಪಾಟ್ ಕಡೆಯವರಿಗೇ ಉಳಿಯಿತು. 1980ರಲ್ಲಿ ಭಾರತ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಆದರೆ ವಿಯೆಟ್ನಾಂ 1989ರವರೆಗೂ ಅಲ್ಲೇ ಕೂತಿತು, ತಾನೂ ಬಡವಾಯಿತು. ನರಮೇಧ ನಿಂತಿತು ಅನ್ನುವ ಕಾರಣಕ್ಕೆ ಹೋದದ್ದು ಸರಿ ಅನ್ನುತ್ತೇನೆ. ಹತ್ತು ವರ್ಷ ಉಳಿದದ್ದಕ್ಕೆ ಸರಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಯಾವಾಗ ಯಾವುದು?

ನಮ್ಮ ಜನ ಸಿಕ್ಕಿಹಾಕಿಕೊಂಡಿದ್ದರೆ ಕರೆತರುವುದು, ಅದರಲ್ಲಿ ಚರ್ಚೆಯೇ ಇಲ್ಲ. ಪಕ್ಕದ ಚಿಕ್ಕ ದೇಶದಲ್ಲಿ ಜನ ಒಪ್ಪಿದ ಸರ್ಕಾರದ ಮೇಲೆ ದಾಳಿಯಾಗಿ ಅದು ಸಹಾಯ ಕೇಳಿದರೆ ಮಾಲ್ಡೀವ್ಸ್ ದಾರಿ. ಕೇಳುವವರೇ ಜನರಿಗೆ ಬೇಡವಾದವರಾಗಿದ್ದರೆ ಹೋಗಬೇಡಿ, ಕರೆ ಎಷ್ಟೇ ಜೋರಾಗಿರಲಿ.

ಎರಡು ದೊಡ್ಡ ದೇಶಗಳ ಜಗಳ, ನಮಗೆ ಎಣ್ಣೆ-ಗೊಬ್ಬರದ ತೊಂದರೆ ಮಾತ್ರ ಅನ್ನುವ ಹಾಗಿದ್ದರೆ ದೂರ ಇರಿ. ದೂರ ಇದ್ದು ಮಧ್ಯಸ್ಥಿಕೆಯ ಕೆಲಸ ಸಿಕ್ಕರೆ ಮಾಡಿ. ಬೆಲೆ ಏರಿದ್ದಕ್ಕೆ ಸೈನ್ಯ ಉತ್ತರವಲ್ಲ, ಹೊಲದಲ್ಲಿ ಸೂರ್ಯಕಾಂತಿ ಬೆಳೆಯುವುದು ಉತ್ತರ.

ಯಾವುದೋ ಸರ್ವಾಧಿಕಾರಿ ಕೆಟ್ಟವನು, ಇಳಿಸಬೇಕು ಅನ್ನುವುದೊಂದೇ ಕಾರಣವಾದರೆ ಬೇಡವೇ ಬೇಡ. ಇಳಿಸುವುದು ವಾರಗಳ ಕೆಲಸ, ಆಮೇಲಿನದು ದಶಕಗಳದ್ದು.

ಕಷ್ಟ ಇರುವುದು ನರಮೇಧದಲ್ಲಿ. ರುವಾಂಡಾದಂಥದ್ದು ಕಣ್ಣೆದುರು ನಡೆಯುತ್ತಿದ್ದರೆ ವಾಪಸ್ ಬರುವ ದಾರಿ ಮಸುಕಾಗಿದ್ದರೂ ಹೋಗಬೇಕು ಅನ್ನುತ್ತೇನೆ, ನನ್ನ ಅಳತೆಗೋಲನ್ನು ನಾನೇ ಮುರಿದು. ಸಾಧ್ಯವಾದರೆ ವಿಶ್ವಸಂಸ್ಥೆಯ ಜೊತೆ, ಸಾಕಷ್ಟು ಪಡೆಯೊಂದಿಗೆ, ಕೊಲ್ಲುವವರನ್ನು ತಡೆಯುವ ಆದೇಶದೊಂದಿಗೆ. ಅರ್ಧಂಬರ್ಧ ಹೋಗಬಾರದು. ಆ ನಿರಾಶ್ರಿತರು ನಮ್ಮ ಗಡಿಗೇ ಬಂದು ನಿಂತಿದ್ದರೆ, ಅಲ್ಲಿ ಜನ ಆರಿಸಿದ ನಾಯಕರು ಇದ್ದರೆ, 1971ರ ದಾರಿ. ಅದಕ್ಕೂ ಮೊದಲು ಒಂದು ಮಳೆಗಾಲ ಕಾಯುವ ತಾಳ್ಮೆ ಬೇಕು.

ಇನ್ನು ಇದನ್ನೆಲ್ಲ ತೀರ್ಮಾನಿಸುವವರು ಯಾರು? ನಮ್ಮಲ್ಲಿ ಸೈನ್ಯವನ್ನು ಹೊರಗೆ ಕಳಿಸುವ ಮೊದಲು ಸಂಸತ್ತಿನ ಓಟು ಬೇಕೇ ಬೇಕು ಅನ್ನುವ ನಿಯಮ ಇಲ್ಲ, ಸಂಪುಟವೇ ತೀರ್ಮಾನಿಸುತ್ತದೆ. ಬ್ರಿಟನ್ನಿನಲ್ಲಿ 2013ರ ಆಗಸ್ಟ್ 29ರಂದು ಸಿರಿಯಾ ಮೇಲಿನ ದಾಳಿಯ ಪ್ರಸ್ತಾವ ಹೌಸ್ ಆಫ್ ಕಾಮನ್ಸ್‌ನಲ್ಲಿ 285-272ರಿಂದ ಬಿದ್ದುಹೋಯಿತು, ಪ್ರಧಾನಿ ಸುಮ್ಮನಾದರು. ಅಮೆರಿಕದಲ್ಲಿ 1973ರಿಂದ 60 ದಿನದ ಕಾನೂನು ಇದೆ, ಅಧ್ಯಕ್ಷರುಗಳು ಅದನ್ನು ಜಾಣತನದಿಂದ ದಾಟುತ್ತಲೇ ಬಂದಿದ್ದಾರೆ. ನನಗೆ ಇಷ್ಟವಾದದ್ದು ಜರ್ಮನಿಯ ಪದ್ಧತಿ. ಅಲ್ಲಿ ಹೊರದೇಶದ ಸಶಸ್ತ್ರ ಕೆಲಸಕ್ಕೆ ಸಂಸತ್ತಿನ ಒಪ್ಪಿಗೆ ಬೇಕು. ಸರ್ಕಾರ ಮುಂದಿಡುವ ಕಾಗದದಲ್ಲಿ ಏನು ಕೆಲಸ, ಎಲ್ಲಿ, ಹೆಚ್ಚೆಂದರೆ ಎಷ್ಟು ಸೈನಿಕರು, ಎಷ್ಟು ಖರ್ಚು, ಎಂದಿನವರೆಗೆ ಅಂತ ಬರೆದಿರಬೇಕು. ಸಾಮಾನ್ಯವಾಗಿ ಒಂದು ವರ್ಷದ ಅವಧಿ. ಮುಗಿದರೆ ಮತ್ತೆ ಸಂಸತ್ತಿಗೆ ಬರಬೇಕು.

ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಮೂವರು ಲೋಕಸಭೆಗೆ ಹೋಗುತ್ತಾರೆ. ನಮ್ಮ ಸಿಂಧನೂರಿಗೆ ಜಿಲ್ಲೆ ರಾಯಚೂರಾದರೂ ಓಟು ಕೊಪ್ಪಳಕ್ಕೆ. ಯಾವ ಪಕ್ಷದವರೇ ಆಗಲಿ, ಈ ಮೂವರಲ್ಲಿ ಒಬ್ಬರು ಇಂಥದ್ದೊಂದು ಕಾಗದದ ನಿಯಮವನ್ನು ಖಾಸಗಿ ಸದಸ್ಯರ ಮಸೂದೆಯಾಗಿ (ಸಚಿವರಲ್ಲದ ಸಂಸದರು ತರುವ ಮಸೂದೆ) ತರಬಹುದು. ಅಂಥ ಮಸೂದೆಗಳು ಪಾಸಾಗುವುದು ಅಪರೂಪ. ಆದರೂ ಸದನದಲ್ಲಿ ಮಂಡಿಸಿದರೆ ಕಡತದಲ್ಲಿ ಉಳಿಯುತ್ತದೆ, ಚರ್ಚೆಗೆ ಬಂದರೆ ಸರ್ಕಾರ ಎದ್ದು ನಿಂತು ಉತ್ತರ ಹೇಳಬೇಕಾಗುತ್ತದೆ.